ಕಂಬಳಿ ಹೊದ್ದ ಬರ್ಫ

ಮೊನ್ನೆ ಅಕಾಲದಲ್ಲಿ ಒಂದು ಮಳೆ ಬಂದು ಹೋಯಿತು. ಹಿಂದಿನ ಬಡಿಗರ ಅಂಗಳದಲ್ಲಿ ರಾಶಿ ಹಾಕಿದ್ದ ಕಟ್ಟಿಗೆಯ ಹೊಟ್ಟು ತೊಯ್ದು, ಅದರ ವಾಸನೆ ಕಿಟಕಿಯಿಂದ ನನ್ನ ಹಾಸಿಗೆಯವರೆಗೂ ಬಂತು. ತೊಯ್ದ ಹೊಟ್ಟಿನ ವಾಸನೆ ಎಂದರೆ ಹೇಗೆ ಹೇಳಲಿ... ಸ್ವಲ್ಪ ಹುಳಿ, ಸ್ವಲ್ಪ ತೊಗಟೆಯ ಒಗರು. ಕಿಟಕಿ ಹಾಕಲು ಎದ್ದವಳು ಅಲ್ಲಿಯೇ ನಿಂತುಬಿಟ್ಟೆ. ಹೊರಗಿನ ಕೋಣೆಯಲ್ಲಿ, ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ವಸ್ತು ಯಾವುದೇ ಇರಲಿ, ಅದರ ಕಣಗಳು ಸುಮ್ಮನಿರುವುದಿಲ್ಲ, ಸದಾ ಅಲುಗುತ್ತ ಓಡುತ್ತ ಇರುತ್ತವೆ. ಆ ಓಟ ಜೋರಾದರೆ ನಮಗೆ ಬಿಸಿ, ನಿಧಾನವಾದರೆ ತಂಪು, ಎಂದು. ತಂಪು ಎಂಬ ಬೇರೆ ವಸ್ತುವೇ ಇಲ್ಲವಂತೆ. ಬಿಸಿ ಬಿಟ್ಟುಹೋದದ್ದಕ್ಕೇ ನಾವು ತಂಪು ಎನ್ನುತ್ತೇವಂತೆ.

ವಾಸನೆ ಒಂದು ಕಡೆಯಿಂದ, ಈ ಮಾತು ಇನ್ನೊಂದು ಕಡೆಯಿಂದ. ಎರಡೂ ಸೇರಿ ಬರ್ಫಿನ ಚಾಚಾ ನೆನಪಾದರು.

ನಾಲ್ಕು ಜನರ ಎದುರು ಕೂತು ಕಥೆ ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಮಾತು ಗಂಟಲಲ್ಲೇ ಉಳಿಯುತ್ತದೆ, ನೀವು ನಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ. ಕೈ ಬೇಗ ಸೋಲುತ್ತದೆ. ಸ್ವಲ್ಪ ಬರೆದರೆ ಸ್ವಲ್ಪ ಮಲಗಬೇಕಾಗುತ್ತದೆ. ಹೀಗಾಗಿ ಅಲ್ಲಲ್ಲಿ ಕಡಿದಂತೆ ಕಂಡರೆ ನಾನು ಮಲಗಿದ್ದೆ ಎಂದು ತಿಳಿಯಿರಿ.

ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನಿಮ್ಮ ಅಜ್ಜ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಪೇಟೆಯ ಓಣಿಯಲ್ಲಿ ಬಾಡಿಗೆ ಮನೆ. ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಚಾಚಾನ ಅಂಗಡಿ. ಮಂಜುಗಡ್ಡೆಗೆ ನಮ್ಮ ಕಡೆ ಬರ್ಫ ಎನ್ನುತ್ತೇವೆ. ಅಂಗಡಿ ಎಂದರೆ ತಗಡಿನ ಸೂರು, ಅದರ ಕೆಳಗೆ ಕಟ್ಟಿಗೆಯ ಒಂದು ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಹೊಟ್ಟು, ಹೊಟ್ಟಿನೊಳಗೆ ಹುಗಿದಿಟ್ಟ ಬರ್ಫಿನ ಉದ್ದುದ್ದ ಗಡ್ಡೆಗಳು. ಬೆಳಗಾವಿಯ ಕಾರ್ಖಾನೆಯಿಂದ ಬೆಳಗಿನ ಲಾರಿಗೆ ಬರುತ್ತಿದ್ದವು. ಮದುವೆ ಮನೆಯ ಶರಬತ್ತಿಗೆ, ಸೋಡಾ ಅಂಗಡಿಗಳಿಗೆ ಅಲ್ಲಿಂದಲೇ ಹೋಗುತ್ತಿತ್ತು. ಬ್ಯಾಸಗಿಯಲ್ಲಿ ಅವರೇ ಕುಲ್ಫಿಯನ್ನೂ ಮಾಡುತ್ತಿದ್ದರು. ಪೆಟ್ಟಿಗೆಯ ಮೇಲೆ ವರುಷವಿಡೀ ಒಂದು ಕರಿ ಕಂಬಳಿ.

ಚಾಚಾ ಎತ್ತರದ ಮನುಷ್ಯ, ಬೆನ್ನು ಬಾಗಿತ್ತು. ನೀರಿನಲ್ಲೇ ಇದ್ದು ಇದ್ದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಬಹಳ ದಣಿದಿರುತ್ತಿದ್ದರು. ಆಗ ಯಾರಾದರೂ ಕೆಣಕಿದರೆ ಮಾತ್ರ ಅವರ ಮುಖಕ್ಕೆ ಜೀವ ಬರುತ್ತಿತ್ತು. ಒಂದು ದಿನ ಸೋಡಾ ಅಂಗಡಿಯವನು ಕೇಳಿದ್ದು ನನಗೆ ಇನ್ನೂ ನೆನಪಿದೆ.

"ಏನ್ ಚಾಚಾ, ಇಂಥಾ ಬ್ಯಾಸಗ್ಯಾಗ ಬರ್ಫಕ್ಕ ಕಂಬಳಿ ಹೊಚ್ಚೀರಿ, ಥಂಡಿ ಹತ್ತೇತೇನ ಅದಕ್ಕ?"

"ಹೂಂನಪಾ, ನೆಗಡಿ ಆಗೇತಿ. ನೋಡಲ್ಲಿ, ಮುಂಜಾನಿಂದ ಮೂಗು ಸೋರಾಕ ಹತ್ತೇತಿ."

ನಾನು ಬಾಗಿಲ ಪರದೆಯ ಹಿಂದೆ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಅವರ ಜೊತೆ ನೇರವಾಗಿ ಮಾತಾಡಿದ್ದು ಬಹಳ ಕಡಿಮೆ. ನೀರು ಬಿಟ್ಟಿದ್ದಾರೆ, ಕರೆಂಟು ಹೋಯಿತು, ಇಷ್ಟೇ. ಅವರು ನನಗೆ ತಂಗೆವ್ವಾ ಎನ್ನುತ್ತಿದ್ದರು. ಸಂಜೆ ಪೆಟ್ಟಿಗೆ ತೊಳೆಯುತ್ತ ಒಮ್ಮೊಮ್ಮೆ ತಮಗೆ ತಾವೇ ಅಂದುಕೊಳ್ಳುತ್ತಿದ್ದರು: "ಮಂದಿ ಸಾಮಾನು ಅಂಗಡ್ಯಾಗ ಕುಂತ್ರ ದರಾ ಏರತೈತಿ. ನನ್ನ ಸಾಮಾನು ಕುಂತಲ್ಲೇ ಗಟಾರ ಸೇರತೈತಿ."

ಆ ಬ್ಯಾಸಗಿಯ ಒಂದು ಬೆಳಿಗ್ಗೆ ನನ್ನ ತವರು ದೊಡವಾಡದಿಂದ ನನ್ನ ದೊಡ್ಡಪ್ಪನ ಮಗ ಬಂದ. ಕಾಲು ತೊಳೆಯದೆ ಹೊಸ್ತಿಲ ಮೇಲೇ ನಿಂತ. ನನ್ನ ಅಪ್ಪ ನಸುಕಿನಲ್ಲಿ ಹೋಗಿಬಿಟ್ಟಿದ್ದರು.

ನನ್ನ ಅಣ್ಣ ಆಗ ದಂಡಿನಲ್ಲಿದ್ದ, ಪುಣೆಯ ಕಡೆಯ ಕ್ಯಾಂಪಿನಲ್ಲಿ. ಹೊಲ ಬಿಟ್ಟು, ಮನೆಯಲ್ಲಿ ಹೇಳದೆ ಭರ್ತಿಯಾಗಿದ್ದ. ಆ ಸಿಟ್ಟಿಗೆ ಅಪ್ಪ, "ನನಗ ಮುಖಾ ತೋರಸೂದು ಬ್ಯಾಡ" ಎಂದು ಹೇಳಿ ಕಳಿಸಿದ್ದರು. ಅಣ್ಣನೂ ಅಪ್ಪನ ಹಾಗೇ ಹಟದವನು, ರಜೆ ಸಿಕ್ಕರೂ ಊರಿಗೆ ಬಂದಿರಲಿಲ್ಲ. ಕಡೆಯ ದಿನಗಳಲ್ಲಿ ಅಪ್ಪ ಬಸ್ಸಿನ ಸಪ್ಪಳವಾದಾಗಲೆಲ್ಲ ಕಟ್ಟೆಗೆ ಬಂದು ಕೂಡುತ್ತಿದ್ದರಂತೆ. ಯಾರನ್ನು ಕಾಯುತ್ತೀರಿ ಎಂದರೆ ಯಾರನ್ನೂ ಇಲ್ಲ ಎನ್ನುತ್ತಿದ್ದರಂತೆ...

ಅಂಚೆ ಮನೆಯ ಫೋನಿನಿಂದ ಕ್ಯಾಂಪಿಗೆ ಸುದ್ದಿ ಮುಟ್ಟಿಸಿದ್ದರು. ಎಷ್ಟು ಅವಸರ ಮಾಡಿದರೂ ಅಣ್ಣ ಬರುವುದು ಮರುದಿನ ಮಧ್ಯಾಹ್ನವೇ. ನಮ್ಮಲ್ಲಿ ಹೊತ್ತು ಮುಳುಗುವ ಮೊದಲು ಮಣ್ಣು ಕೊಡುವ ರೂಢಿ. ಅದೂ ಅಂಥ ಬಿಸಿಲಿನಲ್ಲಿ. ಹಿರಿಯರು ಇಂದೇ ಎತ್ತೋಣ ಎಂದರು. ಅವ್ವ ಒಂದೇ ಮಾತು ಹೇಳಿ ಕಳಿಸಿದ್ದಳು. ಬರ್ಫ ತರಬೇಕು.

ನಿಮ್ಮ ಅಜ್ಜ ಜಿನ್ನಿಗೆ ಹೋಗಿದ್ದರು. ನಾನೇ ಓಣಿ ದಾಟಿದೆ. ಚಾಚಾ ಗಡ್ಡೆಗಳನ್ನು ಪೆಟ್ಟಿಗೆಗೆ ಇಳಿಸುತ್ತಿದ್ದರು. ಏನು ಹೇಳಿದೆನೋ, ಎಷ್ಟು ಹೇಳಿದೆನೋ. ಅವರು ಕೈ ಒರೆಸಿಕೊಂಡು ಕೇಳಿದ್ದು ಮಾತ್ರ ನೆನಪಿದೆ.

"ಮಲಗ್ಸ್ಯಾರೋ, ಕುಂದರ್ಸ್ಯಾರೋ?"

ನಮ್ಮಲ್ಲಿ ತೀರಿಕೊಂಡವರನ್ನು ಕೂಡಿಸುತ್ತೇವೆ. ಮೈ ಬಿಗಿಯುವ ಮೊದಲೇ ಗೋಡೆಗೆ ಆನಿಸಿ, ಚಕ್ಕಳಬಕ್ಕಳ ಹಾಕಿಸಿ, ಹಣೆಗೆ ವಿಭೂತಿ ಹಚ್ಚಿ ಕೂಡಿಸುತ್ತೇವೆ. ಹಾಗೆಯೇ ಮಣ್ಣು ಕೊಡುತ್ತೇವೆ. ಕುಂದರಿಸಿದ್ದಾರೆ ಎಂದೆ.

"ಹಂಗಾರ ನಾನ ಬರಬೇಕು ತಂಗೆವ್ವಾ. ಕುಂತವರಿಗೆ ಹೆಂಗ ಇಡೂದು ಅನ್ನೂದು ನೋಡೇ ಹೇಳಬೇಕು" ಎಂದರು. ಆ ದಿನ ಬಂದ ಬರ್ಫವೆಲ್ಲ ಗೋಣಿತಟ್ಟಿನೊಳಗೆ ಹೋಯಿತು, ಜೊತೆಗೆ ಹೊಟ್ಟು, ಮೇಲೆ ಆ ಕರಿ ಕಂಬಳಿ. ದೊಡವಾಡದ ಬಸ್ಸಿನ ನೆತ್ತಿಗೆ ಏರಿಸಿದರು. ದಾರಿಯಲ್ಲಿ ಕಂಡಕ್ಟರ್ ತಿರುಗಿ, "ಮ್ಯಾಲ ಏನ ಹೇರೀರಿ ಸಾಬರ, ಕಿಡಕ್ಯಾಗ ಮಳಿ ಬರಾಕ ಹತ್ತೇತಿ" ಎಂದ.

"ನನ್ನ ಟಿಕೀಟು ತಗೊಂಡೇನಿ. ಮಳೀದೂ ತಗೀಬೇಕೇನ?" ಎಂದರು ಚಾಚಾ. ಬಸ್ಸು ನಕ್ಕಿತು. ಅವರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು.

ಪಡಸಾಲೆಯಲ್ಲಿ ಅಪ್ಪನನ್ನು ಕೂಡಿಸಿದ್ದರು. ಸುತ್ತಲೂ ಭಜನೆಯವರು, ಹೆಣ್ಣುಮಕ್ಕಳು, ನೋಡಲು ಬಂದವರು. ಚಾಚಾ ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೆನ್ನಿಗೆ, ಎರಡೂ ಪಕ್ಕಕ್ಕೆ, ಮಡಿಸಿದ ಕಾಲುಗಳ ಮುಂದೆ ಗಡ್ಡೆಗಳನ್ನು ನಿಲ್ಲಿಸಿದರು. ಅಪ್ಪನ ಕಡೆ ಬರೀ ತೆಳ್ಳನೆಯ ಬಟ್ಟೆ. ಹೊರಗಿನ ಕಡೆಗೆ ಹೊಟ್ಟು ತುಂಬಿದ ಗೋಣಿತಟ್ಟು, ಅದರ ಮೇಲೆ ಕಂಬಳಿ. ನನ್ನ ಸೋದರತ್ತೆಗೆ ಅದು ಸೇರಲಿಲ್ಲ.

"ತಮ್ಮಾ, ಕಂಬಳಿ ಹೊಚ್ಚಿದ್ರ ಬಿಸಿ ಆಗಿ ಕರಗತೈತ್ಯೋ. ತಗದ ಒಗಿ ಅದನ್ನ."

"ಅಕ್ಕಾರ, ಮುಟ್ಟಿ ನೋಡ್ರಿ, ಕಂಬಳ್ಯಾಗ ಬಿಸಿ ಐತೇನು? ಕಂಬಳಿ ಬಿಸಿ ಕೊಡಂಗಿಲ್ರಿ. ನಾವ ಹೊಚ್ಚಿಗೊಂಡ್ರ ನಮ್ಮ ಬಿಸಿ ಹೊರಗ ಬಿಡಂಗಿಲ್ಲ. ಬರ್ಫಕ್ಕ ಹೊಚ್ಚಿದ್ರ ಹೊರಗಿನ ಬಿಸಿ ಒಳಗ ಬಿಡಂಗಿಲ್ಲ."

"ಅಂದ್ರ ಬಾಗಲಾ ಕಾಯೂ ನಾಯಿ ಇದ್ದಂಗ ಅನ್ನು."

"ಹೌದ್ರಿ. ಅದಕ್ಕ ಮನಿಯವರು ಯಾರು, ಹೊರಗಿನವರು ಯಾರು ಅನ್ನೂದ ಗೊತ್ತಿಲ್ಲ. ಯಾರನ್ನೂ ದಾಟಗೊಡಂಗಿಲ್ಲ."

ಸತ್ತ ಮನೆಯಲ್ಲಿಯೂ ಅತ್ತೆಯ ತುಟಿ ಸ್ವಲ್ಪ ಅಲುಗಿತು. ಮುಂದೆ ಭಜನೆಯವರ ಸರದಿ. "ತಪ್ಪ ತಿಳ್ಕೋಬ್ಯಾಡ್ರಿ, ಒಬ್ಬೊಬ್ಬ ಮನಷ್ಯಾ ಒಂದೊಂದು ಒಲಿ ಇದ್ದಂಗ. ಇಷ್ಟೆಲ್ಲಾ ಒಲಿ ಸುತ್ತ ಹಚ್ಚಿ ನಡುವ ಬರ್ಫ ಇಟ್ರ ಹೆಂಗ ಬಾಳೀತು?" ಎಂದರು ಚಾಚಾ. ಭಜನೆಯವರು ಗೊಣಗುತ್ತ ತಾಳ ಎತ್ತಿಕೊಂಡು ಅಂಗಳದ ಚಪ್ಪರಕ್ಕೆ ಹೋದರು, ಉಳಿದವರೂ ಅವರ ಹಿಂದೆ ನಡೆದರು. ಒಳಗೆ ಅವ್ವ, ನಾನು ಇಬ್ಬರೇ ಉಳಿದೆವು. ಅವಳು ಪರ ಗಂಡಸರ ಜೊತೆ ಮಾತಾಡುವವಳಲ್ಲ. ಅಂದು ಚಾಚಾನನ್ನು ಕೇಳಿದಳು.

"ಇವರಿಗೆ ಥಂಡಿ ಹತ್ತಂಗಿಲ್ಲೇನ?"

"ಬರ್ಫ ಏನೂ ಕೊಡಂಗಿಲ್ಲವಾ" ಎಂದರು ಚಾಚಾ. "ಬರೇ ತಗೋತೈತಿ. ಮೈಯಾಗ ಉಳದಿದ್ದ ಬಿಸಿ ತಗೊಂಡ, ತಾನೂ ಕರಗಿ ಹೋಗತೈತಿ." ಅವ್ವ ಆಮೇಲೆ ಅಪ್ಪನ ಮುಖ ಬಿಟ್ಟು, ಗೋಣಿಯಿಂದ ಹೊರಟು ಅಂಗಳಕ್ಕೆ ಹರಿಯುವ ನೀರನ್ನೇ ನೋಡುತ್ತ ಕೂತಳು.

ಸಂಜೆಯ ಬಸ್ಸಿಗೆ ಚಾಚಾ ಹೊರಟರು. ಗಡ್ಡೆ ಒಡೆಯಬೇಡಿ, ಕಂಬಳಿ ಸರಿಸಬೇಡಿ, ನಾಳೆ ಮಧ್ಯಾಹ್ನದ ತನಕ ಚಿಂತೆಯಿಲ್ಲ, ಬೆಳಿಗ್ಗೆ ಬಂದು ನೋಡುತ್ತೇನೆ ಎಂದರು. ಎಲ್ಲವನ್ನೂ ಹೇಳಿದರು, ಒಂದನ್ನು ಬಿಟ್ಟು.

ಮಣ್ಣು ಕೊಡುವ ಕುಣಿಗೆ ಹಾಕಲು ದೊಡ್ಡಪ್ಪ ವಿಭೂತಿಯ ಜೊತೆ ಉಪ್ಪಿನ ಚೀಲ ತಂದಿಟ್ಟಿದ್ದರು. ಮಣ್ಣಿಗೆ ಉಪ್ಪು ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ದೊಡ್ಡಪ್ಪನಿಗೆ ತಮ್ಮನ ಮೇಲೆ ಜೀವ. ಉಪ್ಪಿದ್ದರೆ ಯಾವುದೂ ಕೆಡುವುದಿಲ್ಲವಲ್ಲ ಎಂದು ಅವರು ಕತ್ತಲಾದ ಮೇಲೆ ಕಂಬಳಿ ಎತ್ತಿ, ಎಲ್ಲ ಗಡ್ಡೆಗಳ ಮೇಲೂ ಬೊಗಸೆ ಬೊಗಸೆ ಉಪ್ಪು ಸುರಿದು, ಮತ್ತೆ ಜೋಪಾನವಾಗಿ ಹೊಚ್ಚಿದರು. ಕೂತವರೆಲ್ಲ ಛಲೋ ಆತು ಎಂದರು. ನಾನೂ ಹಾಗೇ ಅಂದುಕೊಂಡೆ.

ಬೆಳಗಾಗುವ ಹೊತ್ತಿಗೆ ಗೋಣಿತಟ್ಟುಗಳು ಬಿದ್ದುಹೋಗಿದ್ದವು. ಒಳಗೆ ಬರೀ ಹೊಟ್ಟು, ಉಪ್ಪುನೀರು. ಮೊದಲ ಬಸ್ಸಿಗೆ ಬಂದ ಚಾಚಾ ಕಂಬಳಿ ಎತ್ತಿ, ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿದರು. ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ಉಪ್ಪ ಯಾರ ಹಾಕಿದ್ರಿ?"

"ನಾನಪಾ" ಎಂದರು ದೊಡ್ಡಪ್ಪ. "ಉಪ್ಪ ಹಾಕಿದ್ರ ಕೆಡಂಗಿಲ್ಲ ಅಂತ ತಿಳದ್ನಿ."

"ಉಪ್ಪಿನಕಾಯಿ ಕೆಡಂಗಿಲ್ರಿ ಯಜಮಾನ್ರ. ಬರ್ಫಕ್ಕ ಉಪ್ಪ ಬಿದ್ರ ಅದು ಇನ್ನೂ ಥಂಡಿ ಆಗತೈತಿ, ಖರೆ. ಆದ್ರ ಬಾಳಂಗಿಲ್ಲ, ಲಗೂನ ಹರದ ಹೋಗತೈತಿ. ಕುಲ್ಫಿ ಪೀಪಾಯಿಗೆ ದಿನಾ ನಾನ ಹಾಕತೇನಿ." ಆಮೇಲೆ ದನಿ ತಗ್ಗಿಸಿದರು. "ಹೇಳಿ ಹೋಗಬೇಕಿತ್ತು. ನಿಮ್ಮದೇನ ತಪ್ಪಿಲ್ಲ."

ಬೆಳಗಾವಿಯ ಲಾರಿ ಇನ್ನೂ ಬಂದಿರಲಿಲ್ಲ. ಬಂದರೂ ಅದು ಬೈಲಹೊಂಗಲದಿಂದ ಇಲ್ಲಿಗೆ ಮುಟ್ಟುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ಹಿರಿಯರು ಎದ್ದು ನಿಂತರು. ಇನ್ನು ಮುಖ ಕೆಡುತ್ತದೆ, ಎತ್ತುವುದೇ ಒಳ್ಳೆಯದು ಎಂದರು. ಆಗ ಅವ್ವ ಮಾತಾಡಿದಳು. ಅಷ್ಟು ಜನರ ನಡುವೆ ಅವಳ ದನಿ ನಾನು ಕೇಳಿದ್ದು ಅದೊಂದೇ ಸಲ.

"ಮುಖಾ ತೋರಸಬ್ಯಾಡ ಅಂದಿದ್ರು. ಸಿಟ್ಟಿನ್ಯಾಗ ಅಂದಿದ್ರು. ಆ ಮಾತ ಖರೇ ಮಾಡಿ ಹುಗೀಬ್ಯಾಡ್ರಿ."

ಎದ್ದು ನಿಂತಿದ್ದ ಹಿರಿಯರು ಮತ್ತೆ ಕೂತರು. ಚಾಚಾ ಎದ್ದು ಅಂಗಳಕ್ಕೆ ಹೋಗಿ, ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡಿದರು. ಮನೆಯಲ್ಲಿದ್ದ ಧೋತರ, ಚಾದರ, ಹಳೆಯ ಸೀರೆಗಳನ್ನೆಲ್ಲ ಕೇಳಿದರು. "ಖಾತ್ರಿ ಹೇಳಂಗಿಲ್ರಿ" ಎಂದರು. "ಬರ್ಫ ಮುಗದಾಗ ಕುಲ್ಫಿ ಡಬ್ಬಿ ಹಿಂಗ ಕಾಯತೇನಿ. ಗಡಿಗಿ ನೀರು ಹೆಂಗ ತಂಪ ಆಗತೈತಿ, ಹಂಗ."

ಆ ಬೆಳಿಗ್ಗೆ ನಾವು ಹೆಣ್ಣುಮಕ್ಕಳೆಲ್ಲ ಬಾವಿಯಿಂದ ನೀರು ಸೇದಿದೆವು. ಗಾಳಿ ಬರುವ ಬಾಗಿಲಿಗೆ, ಕಿಟಕಿಗಳಿಗೆ ತೊಯ್ದ ಬಟ್ಟೆ ಕಟ್ಟಿದೆವು. ಅಪ್ಪನ ಹೆಗಲಿಗೆ, ತೊಡೆಗೆ ತೊಯ್ದ ಧೋತರ ಹೊಚ್ಚಿದೆವು. ಬಟ್ಟೆ ಆರಿದಂತೆ ಮತ್ತೆ ನೀರು ಚಿಮುಕಿಸಬೇಕು. ಆರುವುದಕ್ಕೆ ಬಿಡಬಾರದು, ಆದರೆ ಅದು ಆರುತ್ತಲೇ ಇರಬೇಕು. ಅದು ಎಂಥ ಕೆಲಸವೋ, ಮಕ್ಕಳೇ, ಅದಕ್ಕೆ ಕೊನೆಯೇ ಇರಲಿಲ್ಲ. ನನ್ನ ಅಂಗೈಯ ಚರ್ಮ ಹಗ್ಗಕ್ಕೆ ಸುಲಿದಿತ್ತು. ಅಳಲೂ ಪುರುಸೊತ್ತಿರಲಿಲ್ಲ. ಚಾಚಾ ಒಂದು ಮೊರ ಹಿಡಿದು ಬಾಗಿಲ ಬಳಿ ಗಾಳಿ ಬೀಸುತ್ತ ನಿಂತಿದ್ದರು. ತೋಳು ಸೋತಾಗ ಕೈ ಬದಲಿಸುತ್ತಿದ್ದರು. ಆ ಪಡಸಾಲೆ ಹೊರಗಿನ ಬಿಸಿಲಿಗೆ ಸೇರಿದ್ದಲ್ಲವೇನೋ ಎನ್ನುವ ಹಾಗೆ ತಣ್ಣಗಾಯಿತು.

ಅದರ ಕಾರಣವನ್ನು ನಿಮ್ಮಲ್ಲಿ ದೊಡ್ಡವಳು ನನಗೆ ಮೊನ್ನೆ ಹೇಳಿದಳು. ನೀರಿನ ಕಣಗಳಲ್ಲಿ ಕೆಲವು ಜೋರಾಗಿ ಓಡುತ್ತವೆ, ಕೆಲವು ಮೆಲ್ಲಗೆ. ಜೋರಿನವು ಬಟ್ಟೆ ಬಿಟ್ಟು ಗಾಳಿಗೆ ಹಾರಿ ಹೋಗುತ್ತವೆ. ಮೆಲ್ಲಗಿನವು ಹಿಂದೆ ಉಳಿಯುತ್ತವೆ, ಅದಕ್ಕೇ ಉಳಿದದ್ದು ತಂಪು. ನಾನು ಹೌದೇ ಎಂದೆ. ಓಡಾಡುವವರು ಒಬ್ಬೊಬ್ಬರೇ ಹೋದ ಮೇಲೆ ಮನೆ ಹೇಗೆ ತಣ್ಣಗಾಗುತ್ತದೆ ಎಂಬುದು ನನ್ನ ವಯಸ್ಸಿನವರಿಗೆ ಬೇರೆ ಹೇಳಿಕೊಡಬೇಕಿಲ್ಲ...

ಅಣ್ಣ ಬಂದ. ಬಸ್ಸಿನಿಂದ ಓಡಿಯೇ ಬಂದಿದ್ದ, ಅಂಗಿ ಮೈಗೆ ಅಂಟಿತ್ತು. ತೊಯ್ದ ಪರದೆ ಸರಿಸಿ ಒಳಗೆ ಕಾಲಿಟ್ಟವನು ಒಂದು ಗಳಿಗೆ ನಿಂತ. ಅಪ್ಪನ ಮುಖ ಕೆಟ್ಟಿರಲಿಲ್ಲ. ಹಣೆಯ ವಿಭೂತಿ ಮಾತ್ರ ನೀರಿಗೆ ಸ್ವಲ್ಪ ಇಳಿದಿತ್ತು. ಅಣ್ಣ ಎದುರಿಗೆ ಮಂಡಿಯೂರಿ, ತೊಡೆಯ ಮೇಲಿದ್ದ ಅಪ್ಪನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅಳಲಿಲ್ಲ. ಬಿಡಲೂ ಇಲ್ಲ. ಹೊರಗೆ ಹಿರಿಯರು ಹೊತ್ತು ನೋಡುತ್ತಿದ್ದರು. ಕೊನೆಗೆ ಚಾಚಾ ಮೊರ ಕೆಳಗಿಟ್ಟು ಹತ್ತಿರ ಬಂದರು.

"ಸಾಕ ಬಿಡಪಾ. ನಿನ್ನ ಕೈಯಾಗಿನ ಬಿಸಿ ಎಲ್ಲಾ ಅಲ್ಲಿಗೆ ಹೊಂಟೈತಿ."

"ಹೋಗಲಿ ಬಿಡ್ರಿ" ಎಂದ ಅಣ್ಣ, ತಲೆ ಎತ್ತದೆ. "ಕೊಡಾಕ ಇಷ್ಟರೆ ಉಳದೈತಿ."

ಚಾಚಾ ಹೊರಗೆ ಹೋಗಿ ನಿಂತರು. ಬೆಳ್ಳಗೆ ಸುಕ್ಕಾದ ಆ ಬೆರಳುಗಳಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನಾವು ಮಣ್ಣು ಕೊಟ್ಟು ಮರಳಿ ಬರುವಷ್ಟರಲ್ಲಿ ಅವರು ತಮ್ಮ ಗೋಣಿತಟ್ಟುಗಳನ್ನು ಮಡಿಸಿಕೊಂಡು ಹೋಗಿದ್ದರು. ಅಂಗಳದಲ್ಲಿ ಹರಿದ ನೀರು ಬಿಸಿಲಿಗೆ ನೆಲದಷ್ಟೇ ಬಿಸಿಯಾಗಿತ್ತು. ಯಾವುದು ಬರ್ಫಿನದು, ಯಾವುದು ಬಾವಿಯದು, ಯಾರಿಗೂ ಹೇಳಲು ಬರುವಂತಿರಲಿಲ್ಲ.

ಮುಂದೆ ಬೈಲಹೊಂಗಲದಲ್ಲಿ ಮನೆಮನೆಗೆ ಫ್ರಿಜ್ ಬಂತು. ಚಾಚಾನ ಪೆಟ್ಟಿಗೆ ಮೊದಲು ಅರ್ಧ ತುಂಬುತ್ತಿತ್ತು, ಆಮೇಲೆ ತುಂಬಲೇ ಇಲ್ಲ. ಅವರು ರಾಮದುರ್ಗದ ಮಗಳ ಮನೆಗೆ ಹೋದರು. ನಾವೂ ಆ ಓಣಿ ಬಿಟ್ಟು ಈ ಮನೆಗೆ ಬಂದೆವು. ಯಾವಾಗಲೋ ಒಮ್ಮೆ ಸಂತೆಯಲ್ಲಿ ಸೋಡಾ ಅಂಗಡಿಯವನು ಸಿಕ್ಕು, ಚಾಚಾ ತೀರಿಕೊಂಡು ಬಹಳ ದಿನವಾಯಿತು, ನಿಮಗೆ ಗೊತ್ತಿರಲಿಲ್ಲವೇ ಎಂದ. ತೀರಿಕೊಂಡ ದಿನವೇ ಸಂಜೆಯೊಳಗೆ ಮಣ್ಣು ಕೊಟ್ಟರಂತೆ. ಅವರಿಗಾಗಿ ಯಾರನ್ನೂ ಕಾಯುವುದಿರಲಿಲ್ಲ... ಕೈಯಲ್ಲಿದ್ದ ಸಂತೆಯ ಚೀಲ ಆಗ ಬಹಳ ಭಾರವೆನಿಸಿತ್ತು.

ಪುಸ್ತಕದಲ್ಲಿ ಎಂಟ್ರಪಿ ಎಂಬ ಮಾತು ಬಂದಾಗ ನಿಮ್ಮಲ್ಲಿ ದೊಡ್ಡವಳನ್ನು ನಾನೇ ಕರೆದು, ಅದೇನು ಹೇಳು ಎಂದೆ. "ಬಿಸಿ ತಾನಾಗಿ ಬಿಸಿ ಇದ್ದಲ್ಲಿಂದ ತಂಪಿದ್ದಲ್ಲಿಗೇ ಹೋಗತೈತಜ್ಜಿ. ಹೋಗಿ ಎಲ್ಲಾ ಕಡೆ ಹರಡತೈತಿ. ಹರಡಿದ್ದು ತಾನಾಗಿ ಹೊಳ್ಳಿ ಕೂಡಂಗಿಲ್ಲ. ಆ ಹರಡೂದರ ಲೆಕ್ಕಾನ ಎಂಟ್ರಪಿ" ಎಂದಳು. ಹಾಗಾದರೆ ಫ್ರಿಜ್ ಹೇಗೆ ಎಂದು ಕೇಳಿದೆ.

"ಅದಕ್ಕ ಕರೆಂಟ್ ಸುಟ್ಟು ದುಡಿಬೇಕು. ಒಳಗಿನ ಬಿಸಿ ಎಳದು ಹಿಂದಿನಿಂದ ಹೊರಗ ಒಗಿತೈತಿ. ಫ್ರಿಜ್ ಹಿಂದ ಕೈ ಹಿಡದ ನೋಡು, ಬೆಚ್ಚಗ ಇರತೈತಿ."

ನನಗೆ ನಿಮ್ಮ ಅಜ್ಜ ಹೋದ ದಿನ ನೆನಪಾಯಿತು. ಸವದತ್ತಿಯಿಂದ ನಿಮ್ಮ ಸೋದರತ್ತೆ ಬರುವವರೆಗೆ ಕಾಯಬೇಕಿತ್ತು. ಈಗ ಬರ್ಫ ಯಾರು ತರುತ್ತಾರೆ, ಕರೆಂಟಿನಿಂದ ತಂಪಾಗುವ, ಗಾಜಿನ ಮುಚ್ಚಳದ ಪೆಟ್ಟಿಗೆ ತಂದರು. ಅದರಲ್ಲಿ ಕೂಡಿಸಲು ಬರುವುದಿಲ್ಲ. ಅವಳು ಬರುವವರೆಗೆ ಮಲಗಿಸಿಯೇ ಇಟ್ಟರು. ಗಾಜಿನ ಮೇಲಿಂದ ಮುಖ ಕಾಣುತ್ತಿತ್ತು. ಕೈ ಹಿಡಿಯಲು ಆಗುತ್ತಿರಲಿಲ್ಲ. ನಾನು ಕಾಲ ಕಡೆ, ಮೋಟಾರು ಗುಂಯ್ ಎನ್ನುವಲ್ಲಿ ಗೋಡೆಗೆ ಆತು ಕೂತಿದ್ದೆ. ಪೆಟ್ಟಿಗೆಯ ಬುಡದಿಂದ ಬೆಚ್ಚನೆಯ ಗಾಳಿ ಬಂದು ನನ್ನ ಪಾದಗಳಿಗೆ ತಾಗುತ್ತಿತ್ತು.

"ನಿಮ್ಮಜ್ಜನ್ನ ಇಟ್ಟಿದ್ದ ಪೆಟ್ಟಿಗಿನೂ ಹಂಗೇನ?" ಎಂದು ಕೇಳಿದೆ. "ಹಿಂದಿನಿಂದ ಬರೂದು ಯಾರ ಬಿಸಿ?"

ಅವಳು ನನ್ನ ಮುಖ ನೋಡಿದಳು. ಪುಸ್ತಕ ಮಡಿಚಿಟ್ಟು ನನ್ನ ಪಕ್ಕಕ್ಕೆ ಬಂದು ಕೂತಳು.

ಅಜ್ಜನ ಪೆಟ್ಟಿಗೆಯ ಬಳಿ ಅಂದು ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಅಲ್ಲಿ ಬಿಸಿ ಗಾಳಿ ಬಡಿತೈತ್ರಿ, ಈ ಕಡಿ ಬಂದ ಕುಂದರ್ರಿ" ಎಂದರು. ನಾನು ಎದ್ದು ಆ ಕಡೆ ಹೋಗಿ ಕೂತೆ.

ಚಾಚಾ ಇದ್ದಿದ್ದರೆ, ಆ ಬಿಸಿ ಬಿಟ್ಟು ಏಳಬೇಡ ಎನ್ನುತ್ತಿದ್ದರು.